ಅರಿಶಿನದ ಕಲೆಗೆ ಗ್ಯಾರಂಟಿ ಉಂಟೇ?

ಬ್ರಿಟನ್ನಿನಲ್ಲಿ ಹೊಸ ಕಾರು ಕೊಳ್ಳುವವನಿಗೆ ಕಾರನ್ನು ಆರಿಸುವುದು ದೊಡ್ಡ ಕಷ್ಟವೇನಲ್ಲ; ನಿಜವಾದ ಕಷ್ಟ ಆರಂಭವಾಗುವುದು ಆರಿಸಿದ ಮೇಲೆ. ಕಂಪನಿಯ ಜಾಲತಾಣದಲ್ಲಿ ಆ ಕಾರು ಬಿಳಿ ಬಣ್ಣ ಬಳಿದುಕೊಂಡು, ಮೂಲಬೆಲೆಯ ಚೀಟಿ ಹೊತ್ತು, ಬಹಳ ಸಾಧು ಸ್ವಭಾವದ್ದೆಂಬಂತೆ ನಿಂತಿರುತ್ತದೆ. ಅದರ ಪಕ್ಕದಲ್ಲೇ ‘ಎಕ್ಸ್‌ಟ್ರಾ’ಗಳ ಉದ್ದನೆಯ ಪಟ್ಟಿ. ಒಂದೊಂದಕ್ಕೆ ಗುರುತು ಹಾಕಿದಂತೆಲ್ಲ ಪರದೆಯ ಕೆಳಮೂಲೆಯ ಅಂಕಿ ಸದ್ದಿಲ್ಲದೆ ಮೇಲೇರುತ್ತದೆ. ಗಾಬರಿಯಾಗಿ ಗುರುತು ತೆಗೆಯಹೋದರೆ, ಈ ಸೌಲಭ್ಯ ಬಿಟ್ಟರೆ ಇದರ ಜೊತೆಗಿನ ಇನ್ನು ಮೂರು ಸೌಲಭ್ಯಗಳೂ ಹೋಗುತ್ತವೆ, ಆದೀತೇ ಎಂದು ಪರದೆಯೇ ವಿನಯದಿಂದ ಕೇಳುತ್ತದೆ. ಆದೀತು ಎನ್ನಲು ಧೈರ್ಯ ಬೇಕು.

ನಮಗೆ ಬೇಕಾಗಿದ್ದುದು ಎಸ್ಟೇಟ್ ಕಾರು, ಅಂದರೆ ಛಾವಣಿ ಹಿಂಬದಿಯವರೆಗೂ ಚಾಚಿಕೊಂಡಿರುವ, ಹಿಂದಿನ ಸೀಟನ್ನು ಮಡಚಿದರೆ ಭಾಗ ಭಾಗವಾಗಿ ಬಿಚ್ಚಿದ ಮಂಚವೊಂದು ಹಿಡಿಸುವ ಕಾರು. ಜನರೆಲ್ಲ ಎತ್ತರದ ಎಸ್‌ಯುವಿಗಳ ಹಿಂದೆ ಬಿದ್ದಿರುವ ಈ ಕಾಲದಲ್ಲಿ ಈ ಬಗೆಯ ಕಾರುಗಳು ಕಡಿಮೆಯಾಗುತ್ತಿವೆ. ಫೋರ್ಡ್ ಕಂಪನಿ 2022ರಲ್ಲಿ ಯುರೋಪಿನಲ್ಲಿ, ಎಸ್ಟೇಟ್ ರೂಪದಲ್ಲೂ ಸಿಗುತ್ತಿದ್ದ ಮೊಂಡಿಯೊ ಕಾರಿನ ತಯಾರಿಕೆಯನ್ನೇ ನಿಲ್ಲಿಸಿತು. ಎಸ್ಟೇಟ್ ಕಾರುಗಳಿಗೆಂದೇ ಹೆಸರಾಗಿದ್ದ ವೋಲ್ವೊ 2023ರಲ್ಲಿ ಬ್ರಿಟನ್ನಿನಲ್ಲಿ ಅವುಗಳ ಮಾರಾಟವನ್ನು ಕೈಬಿಟ್ಟು, ಮರುವರ್ಷ ಮನಸ್ಸು ಬದಲಿಸಿ ವಿ60, ವಿ90 ಎಂಬ ಎಸ್ಟೇಟ್ ಮಾದರಿಗಳೆರಡನ್ನೂ ಮರಳಿ ತಂದಿತು. ನಮ್ಮ ಕಾರಣಕ್ಕೂ ಫ್ಯಾಷನ್ನಿಗೂ ಸಂಬಂಧವಿಲ್ಲ. ನಾವಿರುವ ರೆಡಿಂಗ್ ಊರಿಗೆ ಹೀಥ್ರೂ ವಿಮಾನ ನಿಲ್ದಾಣ ಹತ್ತಿರ. ಹತ್ತಿರವೆಂಬ ಒಂದೇ ತಪ್ಪಿಗೆ ನಮ್ಮ ನೆಂಟರಿಗಷ್ಟೇ ಅಲ್ಲದೆ ಸ್ನೇಹಿತರ ನೆಂಟರಿಗೂ ನಾವೇ ಸಾರಥಿಗಳು. ಇಬ್ಬರು ಹಿರಿಯರು ಬಂದಿಳಿದರೆಂದರೆ ತಲಾ 23 ಕೆ.ಜಿ.ಯ ಎರಡೆರಡು ಸೂಟ್‌ಕೇಸ್, ಕೈಚೀಲಗಳು, ‘ಇದನ್ನು ಮಾತ್ರ ಅಡ್ಡ ಮಲಗಿಸಬೇಡಿ’ ಎಂಬ ಎಚ್ಚರಿಕೆಯೊಡನೆ ಕೈಗೆ ಬರುವ ಉಪ್ಪಿನಕಾಯಿ ಡಬ್ಬ. ಇದು ಸಾಲದೆಂಬಂತೆ ಕನ್ನಡ ಕೂಟದ ಯುಗಾದಿಗೆ, ರಾಜ್ಯೋತ್ಸವಕ್ಕೆ ಪಾತ್ರೆ ಪಡಗ, ಹಾರ್ಮೋನಿಯಂ ಮತ್ತು ಆಳೆತ್ತರದ ಭುವನೇಶ್ವರಿ ಚಿತ್ರಪಟವನ್ನು ಸಾಗಿಸುವ ಹೊಣೆಯೂ ನಮ್ಮದೇ.

ಎಸ್ಟೇಟ್ ಕೊಳ್ಳುವವರು ಮೊದಲು ನೋಡುವುದು ಡಿಕ್ಕಿ ಎಷ್ಟು ಲೀಟರ್ ಎಂಬುದನ್ನು. ಜರ್ಮನಿಯ ವಾಹನೋದ್ಯಮ ಸಂಘವಾದ ವಿಡಿಎ ಗೊತ್ತುಮಾಡಿದ ಕ್ರಮದ ಪ್ರಕಾರ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ, ಅಂದರೆ ಸರಿಯಾಗಿ ಒಂದು ಲೀಟರ್ ಗಾತ್ರದ ಇಟ್ಟಿಗೆಯಾಕಾರದ ತುಂಡುಗಳನ್ನು ಡಿಕ್ಕಿಯೊಳಗೆ ಜೋಡಿಸಿ ಎಣಿಸುತ್ತಾರೆ. ಸ್ಕೋಡಾ ಆಕ್ಟೇವಿಯಾ ಎಸ್ಟೇಟಿನಲ್ಲಿ ಹೀಗೆ 640 ಲೀಟರ್ ಲೆಕ್ಕ ಸಿಗುತ್ತದೆ. ಅದೇ ಕಾರಿನ ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲಿನ ಜೊತೆಗೆ ಚಾರ್ಜ್ ಮಾಡಿದ ಬ್ಯಾಟರಿಯಿಂದಲೂ ಓಡುವ ರೂಪದಲ್ಲಿ, ಆ ಬ್ಯಾಟರಿಗೆ ಜಾಗ ಬಿಟ್ಟುಕೊಟ್ಟದ್ದರಿಂದ ಲೆಕ್ಕ 490ಕ್ಕೆ ಇಳಿದಿತ್ತು. ನನ್ನ ಹೆಂಡತಿಗೆ ಈ ಲೆಕ್ಕದಲ್ಲಿ ನಂಬಿಕೆ ಹುಟ್ಟಲಿಲ್ಲ. ‘ನಾವೇನು ಇಟ್ಟಿಗೆ ಸಾಗಿಸುತ್ತೇವೇನ್ರೀ?’ ಎಂದವಳೇ, ಕೂಟದ ಬಿಸಿಬೇಳೆಬಾತಿನ ಪಾತ್ರೆಯನ್ನು, ಮುಚ್ಚಳ ಮತ್ತು ಸೌಟು ಸಮೇತ, ಷೋರೂಮಿಗೆ ತಂದಳು. ಕೋಟು, ಟೈ ತೊಟ್ಟ ಯುವ ಮಾರಾಟಗಾರ ಬಾಗಿಲು ತೆರೆದು ಹಿಡಿದು ನಿಂತನು. ಪಾತ್ರೆ ಹಿಡಿಸಿತು, ಆದರೆ ಡಿಕ್ಕಿಯ ನೆಲ ಅಂಚಿಗಿಂತ ಒಂದು ಗೇಣು ಕೆಳಗಿದ್ದುದರಿಂದ ಅದನ್ನು ಮತ್ತೆ ಮೇಲೆತ್ತುವುದಕ್ಕೆ ನಾನು, ಮಾರಾಟಗಾರ, ಮತ್ತು ಬೇರೊಂದು ಕಾರು ನೋಡಲು ಬಂದಿದ್ದ ಒಬ್ಬ ಮಹನೀಯರು ಕೈಜೋಡಿಸಬೇಕಾಯಿತು. ನೆಲವನ್ನು ಅಂಚಿನ ಮಟ್ಟಕ್ಕೆ ಏರಿಸಿ ಇಡಬಹುದಾದ ಎರಡಂತಸ್ತಿನ ಹಲಗೆ, ಸಾಮಾನು ಜಾರದಂತೆ ತಡೆಯುವ ಬಲೆ, ಪಕ್ಕದ ಗೋಡೆಗೆ ಚೀಲ ನೇತುಹಾಕುವ ಕೊಕ್ಕೆಗಳು ಪಟ್ಟಿಯ ಕೊನೆಯ ಪುಟದಲ್ಲಿ, ಅತಿ ಸಣ್ಣ ಅಕ್ಷರದಲ್ಲಿದ್ದವು. ಇಡೀ ಪಟ್ಟಿಯಲ್ಲಿ ಕೊಟ್ಟ ಹಣಕ್ಕೆ ದಿನವೂ ದುಡಿಯುವಂಥವು ಇವೇ ಎಂದು ನನ್ನ ದೃಢವಾದ ಅಭಿಪ್ರಾಯ.

ದುರದೃಷ್ಟವೆಂದರೆ ಬೇಕಾದುದು ಬೇಕಾದಂತೆ ಬಿಡಿಯಾಗಿ ಸಿಗುವುದಿಲ್ಲ. ಎಲ್ಲವೂ ‘ಪ್ಯಾಕ್’ಗಳಲ್ಲಿ ಬರುತ್ತವೆ. ನಮ್ಮ ಬಾಲ್ಯದಲ್ಲಿ ಸೊಸೈಟಿ ಅಂಗಡಿಯವರು ಸಕ್ಕರೆ ಬೇಕಿದ್ದರೆ ಈ ಸೋಪನ್ನೂ ತೆಗೆದುಕೊಂಡು ಹೋಗಿ ಎನ್ನುತ್ತಿದ್ದಂತೆ, ಇಲ್ಲಿ ಹಿಂಬದಿಯ ಕ್ಯಾಮೆರಾ ಬೇಕಿದ್ದರೆ ಉಕ್ಕಿನ ಹೊಳಪಿನ ಪೆಡಲುಗಳನ್ನೂ, ಬಾಗಿಲ ಒಳಗೆ ಬಣ್ಣ ಬದಲಿಸುವ ದೀಪಗಳನ್ನೂ ಕೊಳ್ಳಬೇಕು. ಕ್ಯಾಮೆರಾ ಅಗತ್ಯವೇ; ಇಷ್ಟು ಉದ್ದದ ಕಾರನ್ನು ವಿಕ್ಟೋರಿಯಾ ಮಹಾರಾಣಿಯ ಕಾಲದ ಬೀದಿಗಳಲ್ಲಿ ನಿಲ್ಲಿಸುವುದು ಕಣ್ಣಿನ ಕೆಲಸವಷ್ಟೇ ಅಲ್ಲ, ಪುಣ್ಯದ ಕೆಲಸ.

ಕಾಲು ಬೀಸಿದರೆ ತಾನಾಗಿ ತೆರೆದುಕೊಳ್ಳುವ ಡಿಕ್ಕಿ ಬಾಗಿಲನ್ನು ಮಾರಾಟಗಾರ ಬಹಳ ಪ್ರೀತಿಯಿಂದ ವರ್ಣಿಸಿದನು. ಎರಡೂ ಕೈಗಳಲ್ಲಿ ಸಾಮಾನಿದ್ದಾಗ ಬಂಪರಿನ ಕೆಳಗೆ ಪಾದವನ್ನು ಒಮ್ಮೆ ಆಡಿಸಿದರೆ ಸಾಕಂತೆ. ಇದರ ಮಹಿಮೆಯನ್ನು ನಾವು ಆಗಲೇ ಕಂಡಿದ್ದೆವು. ಕಳೆದ ರಾಜ್ಯೋತ್ಸವದಂದು ಪಂಚೆ ಉಟ್ಟು, ಮೈಸೂರು ಪೇಟ ಧರಿಸಿ, ಚಿತ್ರಾನ್ನದ ಹರಿವಾಣವನ್ನು ಎರಡೂ ಕೈಗಳಲ್ಲಿ ಹಿಡಿದ ನಮ್ಮ ಸ್ನೇಹಿತರೊಬ್ಬರು ತಮ್ಮ ಹೊಸ ಎಸ್ಟೇಟಿನ ಹಿಂದೆ ನಿಂತು ಒಂದು ಕಾಲನ್ನು ಬೀಸಿದರು. ಬಾಗಿಲು ಅಲುಗಲಿಲ್ಲ. ಇನ್ನೊಂದು ಕಾಲನ್ನು ಬೀಸಿದರು; ಆಮೇಲೆ ಪಕ್ಕಕ್ಕೆ ಸರಿದು, ಹಿಂದೆ ಹೆಜ್ಜೆಯಿಟ್ಟು, ಓರೆಯಾಗಿ ಬೀಸಿದರು. ನವೆಂಬರಿನ ಚಳಿಯಲ್ಲಿ ಸುತ್ತ ನೆರೆದಿದ್ದ ಮಕ್ಕಳಲ್ಲೊಬ್ಬ ‘ಅಮ್ಮಾ, ಯಕ್ಷಗಾನ ಆಚೆಯೇ ಶುರುವಾಯಿತಾ?’ ಎಂದು ಕೇಳಿದನು. ಕಾರಿನ ಕಣ್ಣಿಗೆ ಪಂಚೆಯ ಒಳಗೊಂದು ಕಾಲಿದೆಯೆಂಬುದು ತಿಳಿಯಲಿಲ್ಲವೋ ಏನೋ, ಕೊನೆಗೆ ಅವರು ಸೋತು, ಹರಿವಾಣವನ್ನು ನೆಲದ ಮೇಲಿಡಲು ಬಾಗಿದ ಕ್ಷಣದಲ್ಲಿ ಬಾಗಿಲು ಗಂಭೀರವಾಗಿ ಮೇಲೆದ್ದು ಅವರ ಪೇಟವನ್ನು ಎತ್ತಿಕೊಂಡು ಹೋಯಿತು. ಗುಂಡಿ ಒತ್ತಿದರೆ ತೆರೆಯುವಷ್ಟು ವ್ಯವಸ್ಥೆಗೆ ನನ್ನ ಆಕ್ಷೇಪವಿಲ್ಲ. ಹಾಗೆ ತೆರೆಯುವಾಗ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡುವ ಅನುಕೂಲವಿದೆಯೇ ಎಂದು ಮಾತ್ರ ಕೇಳಿ ತಿಳಿಯಬೇಕು, ಏಕೆಂದರೆ ಇಲ್ಲಿನ ಹಳೆಯ ಬಹುಮಹಡಿ ನಿಲುಗಡೆಗಳ ಛಾವಣಿ ತೀರ ತಗ್ಗಾಗಿರುತ್ತದೆ.

ಒಳಾಂಗಣದ ವಿಷಯಕ್ಕೆ ಬಂದಾಗ ಮಾರಾಟಗಾರ ಹಾಲುಕೆನೆ ಬಣ್ಣದ ಚರ್ಮದ ಸೀಟುಗಳನ್ನು ತೋರಿಸಿ, ಇವುಗಳಿಗೆ ಮಳಿಗೆಯಲ್ಲಿಯೇ ರಕ್ಷಣಾ ಲೇಪನ ಹಚ್ಚಿ ಕೊಡುತ್ತೇವೆ, ಕಾಫಿ, ರೆಡ್ ವೈನ್, ಚಾಕೊಲೇಟ್ ಯಾವುದರ ಕಲೆಯೂ ನಿಲ್ಲುವುದಿಲ್ಲ, ನಿಂತರೆ ಗ್ಯಾರಂಟಿ ಇದೆ ಎಂದನು. ‘ಅರಿಶಿನದ ಕಲೆಗೆ?’ ಎಂದು ನನ್ನ ಹೆಂಡತಿ ಕೇಳಿದಳು. ಆತನು ನಗುತ್ತಲೇ ಕರಪತ್ರವನ್ನು ತಿರುವಿದನು. ಅರಿಶಿನ, ಎಣ್ಣೆ, ಹುಣಸೆಹಣ್ಣಿನ ರಸ ಮೂರೂ ಕೂಡಿ ಕುದಿದ ಸಾಂಬಾರು ಮೂರು ಡಬ್ಬಿಗಳಲ್ಲಿ ಹೊರಟರೆ ಅದರಲ್ಲೊಂದರ ಮುಚ್ಚಳವಾದರೂ ವೃತ್ತದ ತಿರುವಿನಲ್ಲಿ ತೆರೆದುಕೊಳ್ಳುತ್ತದೆಂಬುದನ್ನು ಆಕೆ ಅನುಭವದ ಮಾತಾಗಿ ವಿವರಿಸಿದಳು. ಆತನು ಮ್ಯಾನೇಜರರ ಕೋಣೆಗೆ ಹೋದನು. ಗಾಜಿನ ಆಚೆ ಇಬ್ಬರೂ ಬಹಳ ಹೊತ್ತು ಸಣ್ಣ ಅಕ್ಷರಗಳನ್ನು ಓದುವುದು ಕಾಣಿಸಿತು. ಮರಳಿ ಬಂದು, ಸಾಂಬಾರ ಪದಾರ್ಥಗಳ ವಿಷಯದಲ್ಲಿ ಕಂಪನಿ ಯಾವ ಭರವಸೆಯನ್ನೂ ಕೊಡಲಾರದೆಂದು ದುಃಖದಿಂದ ತಿಳಿಸಿದನು. ಅರಿಶಿನದ ಕಲೆ ಬಿಸಿಲಿಗೆ ಹಿಡಿದರೆ ತಾನಾಗಿ ಮಾಸುತ್ತದೆಂದು ನಾನು ಸಮಾಧಾನ ಹೇಳಿದಾಗ, ‘ಈ ದೇಶದಲ್ಲಿ ಬಿಸಿಲಿಗೆ ಗ್ಯಾರಂಟಿ ಕೊಡುವವರು ಯಾರು?’ ಎಂದು ಕೇಳಿ ಆಕೆ ಕಪ್ಪು ಬಟ್ಟೆಯ ಸೀಟಿಗೆ ಗುರುತು ಹಾಕಿಸಿದಳು. ಅದಕ್ಕೆ ಹೆಚ್ಚುವರಿ ಬೆಲೆಯೂ ಇರಲಿಲ್ಲ.

ಗಾಜಿನ ಛಾವಣಿ ನನಗೆ ಸ್ವಲ್ಪ ಆಸೆ ಹುಟ್ಟಿಸಿತ್ತೆಂದು ಹೇಳಬೇಕು. ಅದನ್ನು ತಡೆದದ್ದು ಬ್ರಿಟಿಷ್ ಸರ್ಕಾರ. ಇಲ್ಲಿ 2017ರಿಂದ ಒಂದು ನಿಯಮವಿದೆ: ಪೆಟ್ರೋಲ್ ಕಾರಿನ ಪಟ್ಟಿಬೆಲೆ 40,000 ಪೌಂಡ್ ದಾಟಿದರೆ ಎರಡನೆಯ ವರ್ಷದಿಂದ ಐದು ವರ್ಷಗಳ ಕಾಲ ಸಾಮಾನ್ಯ ರಸ್ತೆ ತೆರಿಗೆಯ ಮೇಲೆ ‘ದುಬಾರಿ ಕಾರಿನ’ ಹೆಚ್ಚುವರಿ ತೆರಿಗೆಯನ್ನು ತೆರಬೇಕು. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 425 ಪೌಂಡ್ ಆಯಿತು. ಇದರ ಸೊಗಸೆಂದರೆ ಕಾರ್ಖಾನೆಯಲ್ಲಿ ಜೋಡಿಸಿದ ಎಕ್ಸ್‌ಟ್ರಾಗಳೂ ಆ ಪಟ್ಟಿಬೆಲೆಯಲ್ಲಿ ಸೇರುತ್ತವೆ, ಆದರೆ ಚೌಕಾಸಿ ಮಾಡಿ ಗಿಟ್ಟಿಸಿದ ರಿಯಾಯಿತಿ ಸೇರುವುದಿಲ್ಲ. ಗಡಿಯ ಅಂಚಿನಲ್ಲಿ ನಿಂತಿರುವ ಕಾರಿಗೆ ಗಾಜಿನ ಛಾವಣಿ ಹಾಕಿಸಿದರೆ, ಮೋಡ ಕವಿದ ಆಕಾಶವನ್ನು ನೋಡುವುದಕ್ಕಾಗಿ ಛಾವಣಿಯ ಬೆಲೆಯ ಜೊತೆಗೆ ಐದು ವರ್ಷಗಳಲ್ಲಿ ಎರಡು ಸಾವಿರ ಪೌಂಡಿಗಿಂತ ಹೆಚ್ಚನ್ನು ಸರ್ಕಾರಕ್ಕೂ ಕೊಡಬೇಕು. ರಬ್ಬರ್ ಮ್ಯಾಟು, ಛಾವಣಿಯ ಮೇಲಿನ ಪೆಟ್ಟಿಗೆ, ಹಿಂದೆ ಗಾಡಿ ಎಳೆಯುವ ಕೊಂಡಿ ಮುಂತಾದವನ್ನು ಕಾರು ನೋಂದಣಿಯಾದ ಮೇಲೆ ಹೊರಗಿನಿಂದ ತಂದು ಹಾಕಿಸಿದರೆ ಈ ಕಾಟವಿಲ್ಲ. ಆದ್ದರಿಂದ ಆಮೇಲೆ ಜೋಡಿಸಲು ಬಾರದವನ್ನು ಮಾತ್ರ ಕಾರ್ಖಾನೆಯಿಂದ ತರಿಸಬೇಕೆಂಬುದು ನಮ್ಮ ಮನೆಯ ಶಾಸನವಾಯಿತು.

ಆ ಶಾಸನದಡಿ ಮೊದಲು ಪಾಸಾದದ್ದು ಬಿಸಿಯಾಗುವ ಮುಂಗಾಜು. ಗಾಜಿನ ಎರಡು ಪದರಗಳ ನಡುವೆ ಕೂದಲಿಗಿಂತ ಸಪೂರವಾದ ತಂತಿಗಳನ್ನು ಹಾಸಿರುತ್ತಾರೆ. ಗುಂಡಿ ಒತ್ತಿದರೆ ಹಿಮದ ಪದರ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಗಾಜು ಪೂರ್ತಿ ತಿಳಿಯಾಗದೆ ಕಾರು ಹೊರಡಿಸುವುದು ಇಲ್ಲಿ ನಿಯಮಕ್ಕೆ ವಿರುದ್ಧ. ಹೀಗಾಗಿ ಜನವರಿಯ ಬೆಳಿಗ್ಗೆ ನಮ್ಮ ಬೀದಿಯ ಗಂಡಸರೆಲ್ಲ ಸೂಪರ್‌ಮಾರ್ಕೆಟ್ಟಿನ ಪಾಯಿಂಟ್ಸ್ ಕಾರ್ಡು ಹಿಡಿದು ತಮ್ಮ ತಮ್ಮ ಕಾರಿನ ಗಾಜನ್ನು ಕೆರೆಯುತ್ತಿರುತ್ತಾರೆ. ಬೆಂಗಳೂರಿನಿಂದ ಆಗಷ್ಟೇ ಬಂದಿದ್ದ ಹುಡುಗನೊಬ್ಬ ಇದನ್ನು ಕಂಡು ಮರುಗಿ, ಕೆಟಲಿನಲ್ಲಿ ಕುದಿವ ನೀರು ತಂದು ಸುರಿದು, ಗಾಜು ‘ಪಟ್’ ಎಂದಾಗ ಬೀದಿಯವರೆಲ್ಲ ಒಮ್ಮೆಗೇ ಕೆರೆಯುವುದನ್ನು ನಿಲ್ಲಿಸಿದ್ದುಂಟು. ಬಿಸಿಯಾಗುವ ಸೀಟುಗಳೂ ಪಾಸಾದವು. ಹೋದ ವರ್ಷ ಚಳಿಗಾಲದಲ್ಲಿ ಬಂದಿದ್ದ ಮಾವನವರು ಸ್ನೇಹಿತರ ಕಾರಿನ ಅಂಥ ಸೀಟಿನಲ್ಲಿ ಕುಳಿತು, ಶಿವಮೊಗ್ಗದ ವೈದ್ಯರ ತೈಲಕ್ಕಿಂತ ಇದೇ ಮೇಲೆಂದು ಸಾರಿ, ಮನೆ ಬಂದರೂ ಇಳಿಯಲು ಒಪ್ಪದೆ, ರಾತ್ರಿಯ ಊಟಕ್ಕೆ ಕರೆದಾಗ ‘ಇಲ್ಲಿಗೇ ಕಳಿಸಿ’ ಎಂದಿದ್ದರು.

ಅದೇ ಮಾವನವರು ಈ ಖರೀದಿಯುದ್ದಕ್ಕೂ ವಿಡಿಯೊ ಕರೆಯಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಅಳಿಯಂದ್ರೇ, ಸ್ಟೆಪ್ನಿ ಎಲ್ಲಿದೆ?’ ಅವರಿಗೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಸ್ಟೆಪ್ನಿ ಚಕ್ರ ಹುಟ್ಟಿದ್ದೇ ಈ ದ್ವೀಪದಲ್ಲಿ. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಅದು ತಯಾರಾಗಿ ಲೋಕವನ್ನೆಲ್ಲ ಸುತ್ತಿತು. ಅಂಥ ದೇಶದಲ್ಲಿ ಇಂದು ಬಹುಪಾಲು ಹೊಸ ಕಾರುಗಳು ಸ್ಟೆಪ್ನಿಯಿಲ್ಲದೆ, ಅಂಟುದ್ರವದ ಒಂದು ಬಾಟಲಿ ಮತ್ತು ಪುಟ್ಟ ಗಾಳಿಯಂತ್ರವನ್ನು ಮಾತ್ರ ಹೊತ್ತು ಬರುತ್ತವೆ. ಆ ದ್ರವ ಮೊಳೆ ಚುಚ್ಚಿದ ಸಣ್ಣ ತೂತಿಗೆ ಆದೀತು. ಟೈರಿನ ಪಕ್ಕದ ಗೋಡೆ ಹರಿದರೆ ಅದರಿಂದ ಪ್ರಯೋಜನವಿಲ್ಲ. ವೇಲ್ಸ್‌ನ ಬೆಟ್ಟದ ದಾರಿಯಲ್ಲಿ, ಮಳೆ ತುಂಬಿದ್ದ ಗುಂಡಿಯೊಂದರಲ್ಲಿ ನಮ್ಮ ಬಾಡಿಗೆ ಕಾರಿನ ಟೈರಿಗೆ ಅದೇ ಗತಿಯಾಗಿತ್ತು. ಬಾಟಲಿಯ ದ್ರವವೆಲ್ಲ ನೊರೆಯಾಗಿ ನನ್ನ ಬೂಟಿನ ಮೇಲೆ ಹರಿಯಿತು. ಎಳೆದೊಯ್ಯುವ ಲಾರಿ ಬರುವಷ್ಟರಲ್ಲಿ ನಾವು ಪುಳಿಯೋಗರೆಯನ್ನೂ ಮೊಸರನ್ನವನ್ನೂ ಮುಗಿಸಿ, ಕುರಿಗಳಿಗೆ ಪರಿಚಿತರಾಗಿದ್ದೆವು.

ಷೋರೂಮಿನಲ್ಲಿ ಸ್ಟೆಪ್ನಿ ಬೇಕೆಂದಾಗ ಮಾರಾಟಗಾರನ ಮುಖ ಚಿಕ್ಕದಾಯಿತು. ಅದರ ಬೆಲೆ ಗಾಜಿನ ಛಾವಣಿಯ ಬೆಲೆಯ ಮುಂದೆ ಏನೂ ಅಲ್ಲ. ಸಿಗುವುದೂ ಪೂರ್ಣ ಚಕ್ರವಲ್ಲ, ಗಂಟೆಗೆ 50 ಮೈಲಿಗಿಂತ ವೇಗವಾಗಿ ಓಡಿಸಬಾರದ ಬಡಕಲು ಚಕ್ರ. ಅದನ್ನು ಹಾಕಿಸಿದರೆ ಡಿಕ್ಕಿಯ ನೆಲದಡಿಯ ಗುಪ್ತ ಜಾಗ ಹೋಗುತ್ತದೆ. ಪ್ಲಗ್-ಇನ್ ಹೈಬ್ರಿಡ್ಡುಗಳಲ್ಲಿ ಆ ಜಾಗ ಬ್ಯಾಟರಿಯ ಪಾಲಾಗಿರುವುದರಿಂದ ಸಾಮಾನ್ಯವಾಗಿ ಸ್ಟೆಪ್ನಿಯ ಮಾತೇ ಇಲ್ಲ. ಇಷ್ಟೆಲ್ಲ ತಿಳಿದೂ ನಾವು ಪಟ್ಟು ಬಿಡಲಿಲ್ಲ. ಸಹಿ ಹಾಕುವ ಮೇಜಿನಲ್ಲಿ ಇನ್ನೊಂದು ಸುತ್ತಿನ ಎಕ್ಸ್‌ಟ್ರಾಗಳು ಬಂದವು: ಟೈರಿಗೆ ವಿಮೆ, ಚಕ್ರದ ಗೀರಿಗೆ ವಿಮೆ, ಕಾರು ಪೂರ್ತಿ ಜಖಂ ಆದರೆ ವಿಮಾ ಹಣಕ್ಕೂ ಕೊಂಡ ಬೆಲೆಗೂ ಇರುವ ಅಂತರವನ್ನು ತುಂಬುವ ‘ಗ್ಯಾಪ್’ ವಿಮೆ. ಈ ಗ್ಯಾಪ್ ವಿಮೆಗೆ ಗಿರಾಕಿಗಳು ಕಟ್ಟಿದ ಪ್ರೀಮಿಯಂನಲ್ಲಿ ಶೇ. 6ರಷ್ಟು ಮಾತ್ರ ಪರಿಹಾರವಾಗಿ ಮರಳುತ್ತಿದೆಯೆಂದು ಇಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ಹೇಳಿ, 2024ರ ಫೆಬ್ರವರಿಯಲ್ಲಿ ಅನೇಕ ವಿಮಾ ಕಂಪನಿಗಳ ಮಾರಾಟವನ್ನೇ ತಡೆಸಿತ್ತು. ಅದನ್ನು ನೆನಪಿಸಿದೊಡನೆ ಕಾಗದ ತಾನಾಗಿ ಡ್ರಾಯರಿನೊಳಗೆ ಹೋಯಿತು.

ಕಾರು ಕೈಗೆ ಬಂದ ದಿನ ಮಾರಾಟಗಾರ ಬಾಗಿಲ ದೀಪಗಳ ಬಣ್ಣಗಳನ್ನು ಒಂದೊಂದಾಗಿ ತೋರಿಸುತ್ತಿದ್ದರೆ, ನನ್ನ ಹೆಂಡತಿ ಡಿಕ್ಕಿಯ ಹಲಗೆಯನ್ನು ಎತ್ತಿ ಫೋನನ್ನು ಒಳಗೆ ಹಿಡಿದು ಮಾವನವರಿಗೆ ಸ್ಟೆಪ್ನಿಯ ದರ್ಶನ ಮಾಡಿಸುತ್ತಿದ್ದಳು. ಅವರಿಗೆ ಚಕ್ರ ತೆಳುವಾಯಿತೆಂದು ಅಸಮಾಧಾನವಾದರೂ ಇದೆಯಲ್ಲ ಎಂದು ನೆಮ್ಮದಿಯಾಯಿತು. ಕುಂಕುಮ ಹಚ್ಚಿ, ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣಿಟ್ಟು ಇನ್ನೇನು ಕಾರು ಮುಂದಕ್ಕೆ ಹೋಗಬೇಕೆನ್ನುವಾಗ ಫೋನಿನಿಂದ ಅವರ ಧ್ವನಿ ಬಂದಿತು: ‘ಅಳಿಯಂದ್ರೇ, ಒಳಗಿರೋ ಐದನೇ ಚಕ್ರಕ್ಕೂ ಒಂದು ನಿಂಬೆಹಣ್ಣು ತೋರಿಸಿ.’ ನಾವು ತಂದದ್ದು ನಾಲ್ಕೇ. ವಿಷಯವನ್ನು ಹೇಗೋ ಗ್ರಹಿಸಿದ ಮಾರಾಟಗಾರ ಒಳಗೆ ಓಡಿಹೋಗಿ, ಗಿರಾಕಿಗಳ ಚಹಾಕ್ಕೆಂದು ಕತ್ತರಿಸಿಟ್ಟಿದ್ದ ನಿಂಬೆಯ ಹೋಳೊಂದನ್ನು ಬಿಳಿಯ ತಟ್ಟೆಯಲ್ಲಿಟ್ಟು ತಂದು, ಇದಕ್ಕೆ ಹೆಚ್ಚುವರಿ ಶುಲ್ಕವಿಲ್ಲ ಎಂದನು.