ರಿಯಾಕ್ಟ್ ನೇಟಿವ್ ಆಪ್ ಒಳಗೆ ವೆಬ್‌ಸೈಟ್ ಓಡುವುದಿಲ್ಲ: ಸ್ಪಷ್ಟನೆ

"ರಿಯಾಕ್ಟ್ ನೇಟಿವ್‌ನಲ್ಲಿ ಮಾಡಿದ್ದು ನಿಜವಾದ ಆಪ್ ಅಲ್ಲ, ಒಳಗೆ ಓಡುವುದು ವೆಬ್‌ಸೈಟ್. ಕಲಿತು ಪ್ರಯೋಜನವಿಲ್ಲ." ಈ ಸಂದೇಶ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ವಿಜಯನಗರ, ಬಿಟಿಎಂ ಲೇಔಟ್ ಕಡೆ ಪಿಜಿಯಲ್ಲಿದ್ದುಕೊಂಡು ಕೋರ್ಸಿಗೆ ದುಡ್ಡು ಕಟ್ಟಿರುವ ಹುಡುಗ ಹುಡುಗಿಯರು ಸುಮ್ನೆ ಗಾಬರಿಯಾಗುವುದು ಬೇಡ.

ರಿಯಾಕ್ಟ್ ನೇಟಿವ್ ಎಂದರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಪ್ ಮಾಡುವ ಒಂದು ಸಾಧನ. ಫೇಸ್‌ಬುಕ್ ಇದನ್ನು 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಕೋಡ್ ಬರೆಯುವುದು ಜಾವಾಸ್ಕ್ರಿಪ್ಟ್‌ನಲ್ಲೇ, ನಿಜ. ಆದರೆ ಪರದೆ ಮೇಲೆ ಮೂಡುವುದು ವೆಬ್ ಪುಟವಲ್ಲ. ನೀವು 'ಸ್ಕ್ರೋಲ್‌ವ್ಯೂ' (ಬೆರಳಿನಿಂದ ಮೇಲೆ ಕೆಳಗೆ ಸರಿಸುವ ಭಾಗ) ಎಂದು ಬರೆದರೆ, ಆಂಡ್ರಾಯ್ಡ್‌ನಲ್ಲಿ ಆಂಡ್ರಾಯ್ಡ್‌ನದ್ದೇ ಸ್ಕ್ರೋಲ್‌ವ್ಯೂ ಬರುತ್ತದೆ, ಐಫೋನ್‌ನಲ್ಲಿ ಆಪಲ್‌ನ ಯುಐಸ್ಕ್ರೋಲ್‌ವ್ಯೂ ಬರುತ್ತದೆ. ಆಂಡ್ರಾಯ್ಡ್‌ನ ಕಾಟ್ಲಿನ್, ಆಪಲ್‌ನ ಸ್ವಿಫ್ಟ್ ಭಾಷೆಗಳಲ್ಲಿ ನೇರವಾಗಿ ಆಪ್ ಬರೆಯುವವರು ಬಳಸುವುದೂ ಇವನ್ನೇ ಅಲ್ವಾ?

ಗೊಂದಲ ಹುಟ್ಟಿದ್ದು ಬಹುಶಃ ಕಾರ್ಡೋವಾ ಎಂಬ ಇನ್ನೊಂದು ಆಪ್ ಸಾಧನದಿಂದ. ಅದರಲ್ಲಿ ಮಾಡಿದ ಆಪ್ ವೆಬ್‌ವ್ಯೂ, ಅಂದರೆ ಆಪ್‌ನೊಳಗಿನ ಪುಟ್ಟ ಬ್ರೌಸರ್ ಒಳಗೇ ಓಡುತ್ತದೆ. ಗೂಗಲ್‌ನ ಆಪ್ ಸಾಧನ ಫ್ಲಟರ್‌ನ ದಾರಿ ಮತ್ತೆ ಬೇರೆ: ಬಟನ್, ಅಕ್ಷರ ಎಲ್ಲವನ್ನೂ ಪರದೆ ಮೇಲೆ ತಾನೇ ಬಿಡಿಸುತ್ತದೆ.

ರಿಯಾಕ್ಟ್ ನೇಟಿವ್ ಆಪ್ ನಿಧಾನ ಎಂಬ ದೂರಿಗೆ ಒಂದು ಕಾಲದಲ್ಲಿ ಕಾರಣವಿತ್ತು. ಜಾವಾಸ್ಕ್ರಿಪ್ಟ್ ಮತ್ತು ಫೋನಿನ ನಡುವಿನ ಮಾತುಕತೆಯೆಲ್ಲ ಒಂದು 'ಬ್ರಿಡ್ಜ್' ಮೂಲಕ ಹೋಗಬೇಕಿತ್ತು. ಪಟ್ಟಿ ಉದ್ದವಾದರೆ, ಅನಿಮೇಶನ್ ಜಾಸ್ತಿಯಾದರೆ ಆಪ್ ತಡವರಿಸುತ್ತಿತ್ತು. 2024ರಲ್ಲಿ ಬಂದ 0.76 ಆವೃತ್ತಿಯಿಂದ ಹೊಸ ಆರ್ಕಿಟೆಕ್ಚರ್ (ಒಳರಚನೆ) ತಾನಾಗಿಯೇ ಜಾರಿಯಲ್ಲಿರುತ್ತದೆ, ಅದಕ್ಕೆ ಆ ಬ್ರಿಡ್ಜ್ ಬೇಕಿಲ್ಲ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಐಫೋನ್ ಆಪ್ ಕಟ್ಟಲು ಬೇಕಾದ ಆಪಲ್‌ನ ಎಕ್ಸ್‌ಕೋಡ್ ತಂತ್ರಾಂಶ ಮ್ಯಾಕ್‌ನಲ್ಲಷ್ಟೇ ನಡೆಯುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಇದ್ದವರು ಆಂಡ್ರಾಯ್ಡ್‌ನಲ್ಲಿ ಕಲಿಯಲಿ. ಐಫೋನ್ ಬಿಲ್ಡ್ (ಫೋನಿಗೆ ಹಾಕಬಹುದಾದ ಸಿದ್ಧ ಆಪ್) ಬೇಕಾದಾಗ, ರಿಯಾಕ್ಟ್ ನೇಟಿವ್‌ಗೆ ನೆರವಾಗುವ ಎಕ್ಸ್‌ಪೋದ ಕ್ಲೌಡ್ ಸೇವೆ ಇದೆ.