ಕಾರು ಕೆರೆಗಿಳಿದಾಗ ನಾವು ರೋಡಲ್ಲೇ ಇದ್ವಿ

ಮೊದಲ ಸಲ ನಮ್ಮ ಕಾರು ಕೆರೆಗೆ ಇಳಿದಾಗ ನಾನೇನೂ ಗಾಬರಿ ಆಗ್ಲಿಲ್ಲ, ಯಾಕಂದ್ರೆ ಇಳಿದಿದ್ದು ಸ್ಕ್ರೀನ್ ಮೇಲಿನ ನೀಲಿ ಬಾಣ ಅಷ್ಟೇ. ರೋಡು ಎಡಕ್ಕೆ ತಿರುಗ್ತು, ನಾನೂ ತಿರುಗಿಸ್ದೆ, ಬಾಣ ಮಾತ್ರ ಸೀದಾ ಹೋಗಿ ಏರಿ ದಾಟಿ ನೀರಿಗಿಳಿದು ತನ್ನ ಪಾಡಿಗೆ ತಾನು ಅದೇ ಸ್ಪೀಡಲ್ಲಿ ತೇಲ್ಕೊಂಡು ಹೋಗ್ತಾ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸ್ವಲ್ಪ ಹೊತ್ತು ಅದನ್ನೇ ನೋಡಿ, "ರೀ, ನಿಮಗೆ ಈಜು ಬರುತ್ತಾ?" ಅಂದ್ಲು. ಅಷ್ಟರಲ್ಲಿ ಒಳಗಿನ ಅಮ್ಮಣ್ಣಿ ಬಾಯಿ ಬಿಟ್ಟು "ಜಿಪಿಎಸ್ ಸಿಗ್ನಲ್ ಇಲ್ಲ" ಅಂತ ಘೋಷಿಸಿದ್ಲು. ಹೋಗಿ ಅರ್ಧ ಕೆರೆ ಈಜಿದ ಮೇಲೆ ಹೇಳೋ ಮಾತಾ ಇದು?

ಆಮೇಲೆ ಗೊತ್ತಾಯ್ತು, ಸಿಗ್ನಲ್ ಹೋದ ತಕ್ಷಣ ಅದು ಸುಮ್ನಾಗಲ್ವಂತೆ, ಕೊನೇ ಸಲ ಎಷ್ಟು ಸ್ಪೀಡಲ್ಲಿ ಯಾವ ಕಡೆ ಹೋಗ್ತಿದ್ವೋ ಅದೇ ಅಂದಾಜಿನ ಮೇಲೆ ಸ್ವಲ್ಪ ದೂರ ತಳ್ಳತ್ತಂತೆ. ಕೆಲವು ಕಾರುಗಳಲ್ಲಿ ಚಕ್ರ ಎಷ್ಟು ತಿರುಗ್ತು, ಗಾಡಿ ಎತ್ತ ವಾಲ್ತು ಅಂತ ಹೇಳೋ ಸೆನ್ಸರ್‌ಗಳನ್ನೂ ನೋಡ್ಕೊಂಡು ಸುರಂಗದೊಳಗೂ ಕರೆಕ್ಟಾಗಿ ಹೋಗ್ತವೆ. ನಮ್ಮ ಮ್ಯಾಪು ಇರೋದು ಹೊರಗಡೆ ಅಂಗಡೀಲಿ ಹಾಕಿಸಿದ ಸ್ಟೀರಿಯೋದಲ್ಲಿ. ಅದಕ್ಕೆ ಚಕ್ರದ ಪರಿಚಯ ಇಲ್ಲ.

ಒಂದೇ ಸಲ ಪೂರ್ತಿ ಕೆಟ್ಟು ಕೂತಿದ್ರೆ ನಾನು ಈ ಕಥೆ ಬರೀತಾನೇ ಇರ್ಲಿಲ್ಲ, ರಿಪೇರಿ ಮಾಡಿಸಿ ಮರೆತುಬಿಡ್ತಿದ್ದೆ. ಆದ್ರೆ ಇದು ಆಗಾಗ ಕೆಡೋ ಜಾತಿ. ಡಾಕ್ಟರ್ ಎದುರು ಕೂತ ತಕ್ಷಣ ಮಾಯ ಆಗೋ ಹಲ್ಲುನೋವು ಇದ್ಯಲ್ಲ, ಥೇಟ್ ಅದೇ. ಸರ್ವಿಸ್‌ಗೆ ಬಿಟ್ಟೆ, ಎರಡು ದಿನ ಇಟ್ಕೊಂಡು ಓಡಿಸಿ ನೋಡಿದ್ರು, "ಸಾರ್, ನಮ್ಮ ಹತ್ರ ಚಿನ್ನದಂಗೆ ಕೆಲಸ ಮಾಡ್ತಿದೆ" ಅಂದ್ರು. ಮಾತಲ್ಲಿ ಮರ್ಯಾದೆ ಇತ್ತು, ನೋಟದಲ್ಲಿ ಅಷ್ಟಿರ್ಲಿಲ್ಲ. ಅದೇ ಸಾಯಂಕಾಲ ಹೆಂಡತೀನ ಆಫೀಸಿಂದ ಕರ್ಕೊಂಡು ಬರುವಾಗ ಬಾಣ ಒಂದು ಗೋಡೆ ಒಳಗೆ ನುಗ್ಗಿ ಗಿರಗಿರ ತಿರುಗೋಕೆ ಶುರು ಮಾಡ್ತು.

ಸರಿ, ನಾನೇ ಕಂಡುಹಿಡೀತೀನಿ ಅಂತ ಪಣ ತೊಟ್ಟೆ. ಈ ಪಣದಿಂದ ನಮ್ಮನೇಲಿ ಆಗಿರೋ ನಷ್ಟದ ಲೆಕ್ಕ ಬೇರೆ ಇದೆ, ಅದು ಬೇಡ.

ಮೊದಲು ಆಫ್ ಮಾಡಿ ಆನ್ ಮಾಡ್ದೆ. ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್. ಅದೂ ಆಗ್ಲಿಲ್ಲ ಅಂತ ಫ್ಯಾಕ್ಟರಿ ರೀಸೆಟ್ ಒತ್ತಿದೆ, ಒತ್ತಿದ್ದೇ ತಪ್ಪು, ಯಾಕಂದ್ರೆ ವಾಪಸ್ ಬಂದಾಗ ಸ್ಕ್ರೀನ್ ಪೂರ್ತಿ ನಾನು ಹುಟ್ಟಿದಾಗಿಂದ ನೋಡದ ಯಾವುದೋ ಲಿಪಿಯಲ್ಲಿತ್ತು, ಭಾಷೆ ಬದಲಾಯಿಸೋ ಜಾಗಕ್ಕೆ ಹೋಗ್ಬೇಕಂದ್ರೆ ಆ ಭಾಷೆ ಬರ್ಬೇಕು. ಮೂರು ದಿನ ಅಮ್ಮಣ್ಣಿ ಅದೇ ಭಾಷೇಲಿ ಎಡ ಬಲ ಹೇಳಿದ್ಲು. ಮಗಳು ಚಕ್ರದ ಚಿತ್ರ ನೋಡಿ, ನಾಲ್ಕನೇ ಸಾಲು ಒತ್ತಿ, ಬಾವುಟದ ಚಿತ್ರ ಹುಡುಕಿ ಒಂದು ನಿಮಿಷದಲ್ಲಿ ಸರಿ ಮಾಡಿದ್ಲು. "ಇಷ್ಟೇನಾ ಅಪ್ಪಾ?" ಅಂದಿದ್ದು ಬೇಕಿರ್ಲಿಲ್ಲ.

ಆಮೇಲೆ ಓದೋಕೆ ಶುರು ಮಾಡ್ದೆ, ರಾತ್ರಿಯೆಲ್ಲಾ. ಈ ಉಪಗ್ರಹಗಳು ಇರೋದು ಸುಮಾರು 20,200 ಕಿಲೋಮೀಟರ್ ಮೇಲೆ, ಹನ್ನೆರಡು ಗಂಟೆಗೊಂದು ಸುತ್ತು ಹಾಕ್ತವೆ, ನಾವೆಲ್ಲಿದ್ದೀವಿ ಅಂತ ಗೊತ್ತಾಗೋಕೆ ಒಟ್ಟಿಗೆ ಕನಿಷ್ಠ ನಾಲ್ಕು ಕಾಣಿಸ್ಬೇಕು. ಜಾಗಕ್ಕೆ ಮೂರು ಸಾಕು, ನಾಲ್ಕನೇದು ನಮ್ಮ ಡಬ್ಬಾ ಒಳಗಿರೋ ಅಗ್ಗದ ಗಡಿಯಾರನ ತಿದ್ದೋಕೆ. ಟೈಮು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದ್ರೂ ದೂರದ ಲೆಕ್ಕದಲ್ಲಿ 300 ಮೀಟರ್ ಎಡವಟ್ಟಾಗತ್ತೆ. ಅಷ್ಟೇ ಅಲ್ಲ, ಮೇಲೆ ಇರೋ ಗಡಿಯಾರಗಳು ಭೂಮಿ ಮೇಲಿನದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡ್ತವೆ, ಐನ್‌ಸ್ಟೀನ್ ಹೇಳಿದ ಹಾಗೆ ಲೆಕ್ಕ ಹಾಕಿ ಅದನ್ನೂ ಸರಿ ಮಾಡಿಟ್ಟಿದ್ದಾರೆ. ಇದನ್ನೆಲ್ಲಾ ಬೆಳಗ್ಗೆ ಎದ್ದ ತಕ್ಷಣ ಹೆಂಡತಿಗೆ ಒಪ್ಪಿಸ್ದೆ. "ಅಷ್ಟು ಮೇಲಿಂದ ಅವು ಸರಿಯಾಗೇ ಹೇಳ್ತಿವೆ ಅಂದ್ರೆ ತಪ್ಪಿರೋದು ನಮ್ಮ ಕಾರಲ್ಲಿ ತಾನೇ" ಅಂದ್ಲು. ನಾನು ಆಗ್ಲೇ ಆ ಮಾತು ಕೇಳಿಸ್ಕೊಂಡಿದ್ರೆ ಆಗ್ತಿತ್ತು. ನಾನು ಸೂರ್ಯನ ಕಡೆ ಹೊರಟುಬಿಟ್ಟಿದ್ದೆ.

ಯಾಕಂದ್ರೆ 2024ರ ಮೇ ತಿಂಗಳಲ್ಲಿ ದೊಡ್ಡ ಸೌರ ಬಿರುಗಾಳಿ ಬಂದು ಅಮೆರಿಕದಲ್ಲಿ ಜಿಪಿಎಸ್ ನಂಬ್ಕೊಂಡು ಬಿತ್ತನೆ ಮಾಡ್ತಿದ್ದ ಟ್ರ್ಯಾಕ್ಟರ್‌ಗಳೇ ದಾರಿ ತಪ್ಪಿ ನಿಂತಿದ್ವು ಅಂತ ಓದಿದ್ದೆ. ಅದೂ ಅಲ್ದೆ ಒಂದಿನ ನನ್ನ ಫೋನನ್ನ ಹೋಲ್ಡರ್‌ಗೆ ಸಿಕ್ಕಿಸಿ ಅದರಲ್ಲೂ ಮ್ಯಾಪ್ ಹಾಕಿ ಇಬ್ಬರೂ ಹೊರಟ್ವಿ, ಸ್ಟೀರಿಯೋದು ಸತ್ತ ಸ್ವಲ್ಪ ಹೊತ್ತಿಗೆ ಫೋನಿನ ಬಾಣವೂ ಕುಡಿದೋರ ಥರ ಓಲಾಡೋಕೆ ಶುರು ಮಾಡ್ತು. ಎರಡು ಬೇರೆ ಬೇರೆ ಯಂತ್ರ, ಒಂದೇ ಹೊತ್ತಲ್ಲಿ! ಇನ್ನೇನು ಬೇಕು, ತಪ್ಪು ಆಕಾಶದ್ದೇ. ಒಂದೇ ಕಾರಿನೊಳಗೆ ಎರಡಕ್ಕೂ ಒಟ್ಟಿಗೆ ತೊಂದರೆ ಕೊಡೋ ಮೂರನೇ ವಸ್ತು ಇರಬಹುದು ಅಂತ ಅನ್ನಿಸ್ಬೇಕಿತ್ತು. ಅನ್ನಿಸ್ಲಿಲ್ಲ.

ಈ ಮಧ್ಯೆ ಭಾವಮೈದ ಬಂದ. ಅವನಿಗೆ ಎಲ್ಲಾ ಗೊತ್ತು. ಗಾಜಿನ ಮೇಲೆ ಬೆರಳಲ್ಲಿ ಟಕಟಕ ಬಡಿದು, "ಭಾವಾ, ಈ ಫಿಲ್ಮಲ್ಲಿ ಲೋಹ ಇದೆ, ಸಿಗ್ನಲ್ ತಡೀತಿದೆ, ಕಿತ್ತಾಕಿ" ಅಂದ. ಹೇಳಿದ್ದು ಸುಳ್ಳಲ್ಲ, ಲೋಹದ ಪದರ ಇರೋ ಫಿಲ್ಮ್ ನಿಜವಾಗ್ಲೂ ತಡೆಯುತ್ತೆ. ಆದ್ರೆ ಫಿಲ್ಮ್ ಅನ್ನೋದು ಬುಧವಾರ ತಡೆದು ಗುರುವಾರ ಬಿಡಲ್ಲ ಅನ್ನೋದು ಇಬ್ಬರಿಗೂ ಹೊಳೀಲಿಲ್ಲ. ಮಗಳ ಹೇರ್ ಡ್ರೈಯರ್ ತಂದು ಬಿಸಿ ಮಾಡ್ತಾ ಅರ್ಧ ದಿನ ಕಿತ್ತೆ. ಫಿಲ್ಮ್ ಬಂತು, ಅಂಟು ಉಳೀತು. ಈಗ್ಲೂ ರಾತ್ರಿ ಎದುರಿಂದ ಗಾಡಿ ಬಂದ್ರೆ ಒಂದೊಂದು ಹೆಡ್‌ಲೈಟು ನಲವತ್ತಾಗಿ ಕಾಣ್ಸತ್ತೆ. ಹೇರ್ ಡ್ರೈಯರ್ ವಿಷಯ ಮನೇಲಿ ಇನ್ನೂ ಇತ್ಯರ್ಥ ಆಗಿಲ್ಲ.

ಆಮೇಲೆ ಉಳಿದಿದ್ದು ಆಂಟೆನಾ. ಕಾರಿನ ತಲೆ ಮೇಲೆ ಮೀನಿನ ರೆಕ್ಕೆ ಥರ ಒಂದು ಇರತ್ತಲ್ಲ, ಅದನ್ನ ನಾನು ಬಹಳ ಭಕ್ತಿಯಿಂದ ನೋಡ್ಕೊಂಡಿದ್ದೆ, ದಿನಾ ಬೆಳಗ್ಗೆ ಒದ್ದೆ ಬಟ್ಟೇಲಿ ಒರೆಸಿ, ಹಕ್ಕಿ ಹಿಕ್ಕೆ ಬಿದ್ರೆ ಓಡಿಹೋಗಿ ತೆಗೆದು, ಮರದಡಿ ನಿಲ್ಲಿಸದೆ. ಒಂದಿನ ಒರೆಸ್ತಾ ಸ್ವಲ್ಪ ಜೋರಾಗಿ ಒತ್ತಿದೆ, ಟಕ್ ಅಂತ ಇಡೀ ರೆಕ್ಕೆ ಕೈಗೆ ಬಂತು. ತಿರುಗಿಸಿ ನೋಡ್ತೀನಿ, ಒಳಗೆ ಒಂದು ವೈರಿಲ್ಲ, ಬೋರ್ಡಿಲ್ಲ, ಖಾಲಿ ಪ್ಲಾಸ್ಟಿಕ್ಕು, ಅಂಚಿಗೆ ಡಬಲ್ ಸೈಡ್ ಟೇಪು, ಮೂಲೇಲಿ ಒಂದು ಸತ್ತ ಜೇಡ. ಬರೀ ಶೋಕಿಗೆ ಅಂಟಿಸಿದ್ದು! ಒಂದೂವರೆ ತಿಂಗಳಿಂದ ನಾನು ಸ್ನಾನ ಮಾಡಿಸ್ತಿದ್ದಿದ್ದು ಒಂದು ಟೊಳ್ಳು ಮುಚ್ಚಳಕ್ಕೆ.

ಹಾಗಾದ್ರೆ ಅಸಲಿ ಆಂಟೆನಾ ಎಲ್ಲಿ? ಸ್ಟೀರಿಯೋ ಹಿಂದಿನ ವೈರ್ ಹಿಡ್ಕೊಂಡು ಟಾರ್ಚ್ ಬಾಯಲ್ಲಿ ಕಚ್ಕೊಂಡು ಡ್ಯಾಶ್‌ಬೋರ್ಡ್ ಒಳಗೆ ಕೈ ತೂರಿಸ್ದೆ, ಎಸಿ ಪೈಪಿನ ಸಂದೀಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದೊಂದು ಕಪ್ಪು ಡಬ್ಬಿ ಸಿಕ್ತು. ಮ್ಯಾಗ್ನೆಟ್ ಇರೋ ತಳ ಆಕಾಶಕ್ಕೆ, ಆಕಾಶ ನೋಡ್ಬೇಕಾದ ಮುಖ ಮ್ಯಾಟಿಗೆ. ಫಿಟ್ ಮಾಡಿದ ಪುಣ್ಯಾತ್ಮ ಕವುಚಿ ಹಾಕಿಬಿಟ್ಟಿದ್ದಾನೆ, ಪಾಪ ಅದು ಇಷ್ಟು ದಿನ ನನ್ನ ಚಪ್ಪಲಿ ನೋಡ್ಕೊಂಡು ಉಪಗ್ರಹ ಹುಡುಕ್ತಾ ಇತ್ತು. ತಿರುಗಿಸಿ, ಮುಂದಿನ ಗಾಜಿನ ಕೆಳಗೆ ತಂದು ಕೂರಿಸಿ, ಖಾಲಿ ಮೈದಾನದಲ್ಲಿ ಕಾರು ನಿಲ್ಲಿಸ್ಕೊಂಡು ಕಾದೆ. ಪೂರ್ತಿ ಮರೆತ ಯಂತ್ರಕ್ಕೆ ಎಲ್ಲಾ ಉಪಗ್ರಹಗಳ ಪಂಚಾಂಗ ಇಳಿಸ್ಕೊಳ್ಳೋಕೆ ಹನ್ನೆರಡೂವರೆ ನಿಮಿಷ ಬೇಕು, ಯಾಕಂದ್ರೆ ಅದು ಬರೋದು ಸೆಕೆಂಡಿಗೆ 50 ಬಿಟ್ ಲೆಕ್ಕದಲ್ಲಿ, ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ ಅಲ್ವಾ, ಸ್ಪೀಡೂ ಆ ಕಾಲದ್ದೇ. ಅಷ್ಟು ಹೊತ್ತು ಸ್ಟೇರಿಂಗ್ ಹಿಡ್ಕೊಂಡು ಕದಲದೆ ಆಕಾಶ ನೋಡ್ತಾ ಕೂತೋನನ್ನ ಕಂಡು ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಗಾಜು ತಟ್ಟಿ, "ಏನಪ್ಪಾ, ಮನೇಲಿ ಜಗಳಾನಾ?" ಅಂತ ಕೇಳಿದ್ರು.

ಸ್ಟೀರಿಯೋದಲ್ಲಿ ಉಪಗ್ರಹದ ಪೇಜ್ ಅಂತ ಒಂದಿದೆ, ಒಂದೊಂದು ಉಪಗ್ರಹದ ಸಿಗ್ನಲ್ ಎಷ್ಟು ಗಟ್ಟಿ ಅಂತ ತೋರಿಸತ್ತೆ, ಅದರಲ್ಲಿ ಹನ್ನೊಂದು ಕಡ್ಡಿ ಎದ್ದು ನಿಂತ್ವು. 42, 39, 44. ನಲವತ್ತರ ಆಸುಪಾಸು ಇದ್ರೆ ಒಳ್ಳೇ ಆರೋಗ್ಯ. ಮನೆಗೆ ಬಂದು ಗೆದ್ದೆ ಅಂತ ಸಾರಿದೆ. ಭಾನುವಾರ ಎಲ್ಲಾ ಸೇರಿ ಹೊರಟ್ವಿ, ಹತ್ತು ನಿಮಿಷಕ್ಕೆ ಅಮ್ಮಣ್ಣಿ "ಸಿಗ್ನಲ್ ಇಲ್ಲ" ಅಂದ್ಲು. ಕಾರೊಳಗೆ ಯಾರೂ ಮಾತಾಡ್ಲಿಲ್ಲ. ಹಿಂದಿನ ಸೀಟಲ್ಲಿ ಯಾರೋ ನಗು ತಡ್ಕೊಳ್ಳೋ ಸದ್ದು ಮಾತ್ರ.

ಕೊನೇ ಅಸ್ತ್ರ ಅಂತ ಒಂದು ನೋಟ್‌ಬುಕ್ ಇಟ್ಟೆ. ತಾರೀಖು, ಟೈಮು, ಜಾಗ, ಮೋಡ ಇತ್ತಾ ಇಲ್ವಾ, ಎಸಿ ಹಾಕಿತ್ತಾ, ಕಾರಲ್ಲಿ ಯಾರ್ಯಾರಿದ್ರು. ಮೂರು ವಾರ ಬರೆದೆ, ಏನೂ ಹೊಳೀಲಿಲ್ಲ. ಮಗಳು ಒಂದು ಸಾಯಂಕಾಲ ಪುಟ ತಿರುಗಿಸ್ತಾ, "ಅಪ್ಪಾ, ನೀನೊಬ್ನೇ ಹೋದಾಗ ಒಂದ್ಸಲಾನೂ ಹೋಗಿಲ್ಲ. ಅಮ್ಮ ಕೂತ್ರೆ ಮಾತ್ರ ಸಿಗ್ನಲ್ ಹೋಗತ್ತೆ" ಅಂದ್ಲು. ಹೌದಲ್ವಾ! ಒಂದು ಕ್ಷಣ ನನಗೆ ವಿಜ್ಞಾನದ ಖುಷಿ ಆಯ್ತು, ಮರುಕ್ಷಣ ಇದನ್ನ ಹೋಗಿ ಯಾರಿಗೆ ಹೇಳ್ಬೇಕು ಅನ್ನೋದು ನೆನಪಾಗಿ ಖುಷಿ ಇಳೀತು. ಎರಡು ದಿನ ಸುಮ್ನಿದ್ದೆ. ಮಗಳು ಸುಮ್ನಿರ್ಲಿಲ್ಲ.

"ಅಂದ್ರೆ ನಾನೇನು ದೆವ್ವನಾ?" ಅಂತ ಕೇಳಿದೋಳು ಹಠಕ್ಕೆ ಬಿದ್ದು, ಬನ್ನಿ ಈಗ್ಲೇ ನೋಡೇಬಿಡೋಣ ಅಂತ ನನ್ನನ್ನೂ ಎಳ್ಕೊಂಡು ಹೋಗಿ ಕಾರಲ್ಲಿ ಕೂತ್ಲು. ಉಪಗ್ರಹದ ಪೇಜ್ ತೆಗೆದೆ. 41, 43, 40. ಡೋರ್ ಹಾಕಿದ್ಲು, ಏನೂ ಆಗ್ಲಿಲ್ಲ. ಬೆಲ್ಟ್ ಹಾಕಿದ್ಲು, ಏನೂ ಇಲ್ಲ. ಕೈ ಆಡಿಸಿದ್ಲು, ಹೂಂ. "ನೋಡಿದ್ರಾ!" ಅಂದೋಳೇ, ಫೋನ್ ನೋಡಿ "ಅಯ್ಯೋ, ಆರು ಪರ್ಸೆಂಟು" ಅಂತ ಚಾರ್ಜಿಗೆ ಸಿಕ್ಕಿಸಿದ್ಲು. ನನ್ನ ಕಣ್ಣೆದುರೇ ಕಡ್ಡಿಗಳು ಒಂದೊಂದಾಗಿ ಕುಸಿದ್ವು. 27. 21. 18. ಆಮೇಲೆ ಖಾಲಿ. ವೈರ್ ಕಿತ್ತೆ, ಎದ್ವು. ಹಾಕ್ದೆ, ಬಿದ್ವು. ಕಿತ್ತೆ, ಎದ್ವು.

ನನ್ನ ಫೋನು ಯಾವಾಗ್ಲೂ ತೊಂಬತ್ತರ ಮೇಲೆ, ಕಾರಲ್ಲಿ ಚಾರ್ಜ್ ಮಾಡೋ ಪ್ರಸಂಗಾನೇ ಇಲ್ಲ. ಅವಳದ್ದು ಹುಟ್ಟಿದಾಗಿಂದ ಆರು ಪರ್ಸೆಂಟು. ಆ ಲೈಟರ್ ಸಾಕೆಟ್‌ನ ಚಾರ್ಜರು ಕಾರಿನ 12 ವೋಲ್ಟನ್ನ 5 ಮಾಡೋಕೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಮಾಡತ್ತೆ, ಒಳಗೆ ಸರಿಯಾದ ಫಿಲ್ಟರ್ರು, ಕವಚ ಇಲ್ದಿದ್ರೆ ಆ ಗಲಾಟೆಯೆಲ್ಲಾ ರೇಡಿಯೋ ಅಲೆಯಾಗಿ ಹೊರಗೆ ಚೆಲ್ಲತ್ತೆ. ಮೇಲಿಂದ ಬರೋ ಸಿಗ್ನಲ್ಲೋ, ನಮ್ಮ ಹತ್ರ ಬರೋ ಹೊತ್ತಿಗೆ ಒಂದು ವ್ಯಾಟ್‌ನ ನೂರು ಕೋಟಿ ಕೋಟಿ ಪಾಲಲ್ಲಿ ಒಂದು ಪಾಲು. ಮಿಕ್ಸಿ ತಿರುಗ್ತಿರುವಾಗ ಪಕ್ಕದ ಬೀದೀಲಿ ಯಾರೋ ಪಿಸುಗುಟ್ಟಿದ್ದನ್ನ ಕೇಳಿಸ್ಕೊ ಅಂದ ಹಾಗೆ. ಆಂಟೆನಾನ ಗಾಜಿನ ಕೆಳಗೆ ತಂದು ಕೂರಿಸಿದ್ನಲ್ಲ, ಅದೂ ಸಾಕೆಟ್‌ನಿಂದ ಒಂದು ಮೊಳ ದೂರ ಇಲ್ಲ. ಅಷ್ಟಕ್ಕೂ ಹೆಂಡತಿ ಆರು ತಿಂಗಳಿಂದ "ಎಫ್‌ಎಮ್ಮು ಯಾಕೋ ಬುಸ್ ಅಂತಿದೆ ರೀ" ಅಂತಾನೇ ಇದ್ಲು. ನಾನು ಸ್ಟೇಷನ್ನೇ ಸರಿ ಇಲ್ಲ ಅಂದಿದ್ದೆ.

ಅವಳು ಚಾರ್ಜರ್ ಕಿತ್ತು ಅಂಗೈ ಮೇಲಿಟ್ಕೊಂಡು, "ಇದನ್ನ ತಂದಿದ್ದು ಯಾರು?" ಅಂದ್ಲು, ಬಹಳ ನಿಧಾನಕ್ಕೆ. ಅದು ಸೀಟ್ ಕವರ್ ಜೊತೆ ಬಿಟ್ಟಿ ಬಂದಿತ್ತು. ಸೀಟ್ ಕವರ್ ಬೇಡ ಅಂದಿದ್ಲು ಅವಳು, ಚಾರ್ಜರ್ ಫ್ರೀ ಇದೆ ಕಣೇ ಅಂದಿದ್ದೆ ನಾನು.

ಈಗ ಒಳ್ಳೇ ಚಾರ್ಜರ್ ಹಾಕಿದೀವಿ, ಬಾಣ ರೋಡ್ ಬಿಟ್ಟು ಕದಲ್ತಿಲ್ಲ. ರೆಕ್ಕೇನ ಹೊಸ ಟೇಪ್ ಹಾಕಿ ಮತ್ತೆ ಅಂಟಿಸ್ದೆ, ಜೇಡ ತೆಗೆದೆ. ಹಳೇ ಚಾರ್ಜರು ಚೆನ್ನಾಗಿಯೇ ಚಾರ್ಜ್ ಮಾಡ್ತಿತ್ತಲ್ಲ, ಎಸೆಯೋಕೆ ಮನಸ್ಸು ಬರ್ಲಿಲ್ಲ, ಡ್ರಾಯರಲ್ಲಿ ಹಾಕಿಟ್ಟೆ. ಮುಂದಿನ ಸಲ ಭಾವಮೈದ ಬಂದವನು ವಾಪಸ್ ಹೊರಡೋವಾಗ ಅರ್ಜೆಂಟಿಗೆ ಬೇಕು ಅಂತ ತಗೊಂಡು ಹೋದ. ನಾನು ಹೇಳ್ಬೇಕು ಅಂದ್ಕೊಂಡೆ, ಅಷ್ಟರಲ್ಲಿ ಅವನೇ ಕಾರಿನ ಎಸಿ ಬಗ್ಗೆ ನನಗೇನೋ ಪಾಠ ಮಾಡ್ತಿದ್ದ.

ಹೋದ ವಾರ ಫೋನ್ ಮಾಡಿದ್ದ. "ಭಾವಾ, ಈ ಮ್ಯಾಪು ಯಾಕೋ ಆಗಾಗ ಕೈ ಕೊಡ್ತಿದೆ, ನಿಮ್ದೂ ಹೀಗೇ ಆಗ್ತಿತ್ತಲ್ಲ, ಏನ್ ಮಾಡಿದ್ರಿ?"

"ಫಿಲ್ಮ್ ಕಿತ್ತೆ ಕಣೋ," ಅಂದೆ. "ಹೇರ್ ಡ್ರೈಯರ್ ಬೇಕಾ?"