ಸ್ಪಷ್ಟನೆ: 12.7 ವೋಲ್ಟ್ ತೋರಿಸಿದ ಮಾತ್ರಕ್ಕೆ ಬ್ಯಾಟರಿ ಗಟ್ಟಿ ಅಂತಲ್ಲ

‘ಮೋಟರ್‌ಹೋಮ್ (ಒಳಗೇ ಉಳಿಯಬಹುದಾದ ಪ್ರವಾಸಿ ವಾಹನ) ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ಸಾಕು, ಧೈರ್ಯವಾಗಿ ಹೊರಡಿ’ ಎಂಬ ಸಲಹೆ ಹರಿದಾಡುತ್ತಿದೆ. ಅರ್ಧ ಮಾತ್ರ ನಿಜ. ಲೆಡ್-ಆಸಿಡ್ ಬ್ಯಾಟರಿಯಲ್ಲಿ ಈ ಅಂಕಿ ಹೇಳುವುದು ಚಾರ್ಜ್ ತುಂಬಿದೆ ಎಂದಷ್ಟೇ. ಎಷ್ಟು ಹೊತ್ತು ಬರುತ್ತದೆ ಎಂದಲ್ಲ. ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಎಂಬ ಲವಣ ಗಟ್ಟಿಯಾಗಿ ಕೂತ ಹಳೇ ಬ್ಯಾಟರಿಯೂ ಸುಮ್ನೆ ಇದ್ದಾಗ ಅಷ್ಟೇ ತೋರಿಸಬಹುದು.

ಲೋಡ್ ಹಾಕಿ ನೋಡಿ, ಅದೂ ಹೊರಡುವ ಒಂದು ವಾರ ಮೊದಲೇ. ಪೂರ್ತಿ ಚಾರ್ಜ್ ಮಾಡಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಚಾರ್ಜರ್, ಸೋಲಾರ್ ಎರಡನ್ನೂ ತೆಗೆದು, 5 ಆಂಪಿಯರ್ ಎಳೆಯುವಷ್ಟು ದೀಪ, ಫ್ಯಾನ್ ಹಾಕಿ. ಒಳ್ಳೆಯ 100 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ ಅರ್ಧಕ್ಕೆ, ಅಂದರೆ ಸುಮಾರು 12 ವೋಲ್ಟಿಗೆ, ಇಳಿಯಲು ಸುಮಾರು 10 ಗಂಟೆ ಬೇಕು. ಎರಡೇ ಗಂಟೆಗೆ 12 ವೋಲ್ಟಿಗಿಂತ ಕೆಳಗೆ ಬಂತಾ? ಅದರ ಕಥೆ ಮುಗಿಯಿತು. ಜೋಡಿ ಬ್ಯಾಟರಿ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ, ಹಳೆಯದು ಹೊಸದನ್ನೂ ಬೇಗ ಹಾಳು ಮಾಡುತ್ತದೆ.